388 ಮಾರ್ಕ್ಸು, ಎರಡೂಕಾಲು ಎಕರೆ ತೋಟ

ಪಾಡ್‌ಕಾಸ್ಟ್‌ನ ಅಕ್ಷರರೂಪ. ಓದಿಗೆ ಅನುಕೂಲವಾಗುವಷ್ಟು ಮಾತ್ರ ತಿದ್ದಲಾಗಿದೆ.



ಇವತ್ತಿನ ವಿಷಯ ನಂದಲ್ಲ. ನಾನು ಬಿಕಾಂ. ಬಯಾಲಜಿ ಪುಸ್ತಕ ಮುಚ್ಚಿದ್ದು ಎಸ್‌ಎಸ್‌ಎಲ್‌ಸಿಯಲ್ಲಿ, ಆಮೇಲೆ ತೆರೆದಿಲ್ಲ. ಆದರೂ ಮೆಡಿಕಲ್ ಸೀಟಿನ ಬಗ್ಗೆ ಮಾತಾಡ್ತೀನಿ, ಯಾಕೆ ಅಂತ ಹೇಳ್ತೀನಿ ಕೇಳಿ.

2025ರ ಜೂನ್ 14, ಶನಿವಾರ. ನೀಟ್ ರಿಸಲ್ಟ್ ಬಂದ ದಿನ. ಮಧ್ಯಾಹ್ನ ಊಟಕ್ಕೆ ಕೂತಿದ್ದೆ, ಅರಸೀಕೆರೆಯಿಂದ ಚಿಕ್ಕಮ್ಮನ ಫೋನು. "ಮಗಾ, 388 ಅಂತೆ" ಅಂದ್ರು. ಆಮೇಲೆ ಮಾತಿಲ್ಲ. ಹಿಂದೆ ಚಿಕ್ಕಪ್ಪ ಯಾರ ಮೇಲೋ ಕೂಗಾಡ್ತಿದ್ದದ್ದು ಕೇಳಿಸ್ತಿತ್ತು. ಯಾರ ಮೇಲೆ ಅಂತ ಕೇಳೋದು ಬೇಕಿರಲಿಲ್ಲ. ಮನೇಲಿ ಇರೋದೇ ಮೂರು ಜನ.

ನನ್ನ ತಂಗಿ, ಅಂದರೆ ಚಿಕ್ಕಪ್ಪನ ಮಗಳು. ಮನೇಲಿ ಪುಟ್ಟಿ ಅಂತೀವಿ, ಇಲ್ಲೂ ಹಾಗೇ ಕರೀತೀನಿ. ಹತ್ತನೇ ಕ್ಲಾಸಿನ ತನಕ ಊರಿನ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಪಿಯುಸಿಗೆ ಸೈನ್ಸು, ಇಂಗ್ಲಿಷು. ಮೊದಲ ಆರು ತಿಂಗಳು ಕ್ಲಾಸಲ್ಲಿ ಏನು ಹೇಳ್ತಿದ್ರು ಅಂತಾನೇ ಅರ್ಥ ಆಗ್ತಿರಲಿಲ್ಲ ಅಂತ ಆಮೇಲೆ ಯಾವಾಗಲೋ ಹೇಳಿದ್ಲು. 2024ರಲ್ಲಿ ಮೊದಲ ಸಲ ನೀಟ್ ಬರೆದಾಗ 431. ಒಂದು ವರ್ಷ ಲಾಂಗ್ ಟರ್ಮ್ ಅಂತ ಹಾಸ್ಟೆಲಲ್ಲಿಟ್ಟು ಕೋಚಿಂಗ್ ಕೊಡಿಸಿದ್ರು. ಎರಡನೇ ಸಲ 388.

ಚಿಕ್ಕಪ್ಪನ ಲೆಕ್ಕ ಸೀದಾ: "ಒಂದೂಮುಕ್ಕಾಲು ಲಕ್ಷ ಸುರಿದೆ, 43 ಮಾರ್ಕ್ಸು ಕಮ್ಮಿ ತಂದ್ಲು."

ಆ ವಾರ ಪೂರ್ತಿ ಆ ಮನೆಯಲ್ಲಿ ಇದೇ ಮಾತು. ನೆಂಟರು, ಪಕ್ಕದ ಮನೆಯವರು, ಹಾಲಿನ ಡೈರಿ ಹತ್ರ ಸಿಕ್ಕೋರು, ಎಲ್ಲರೂ 'ಎಷ್ಟು ಬಂತು' ಅನ್ನೋರೇ. ಪುಟ್ಟಿ ರೂಮಿಂದ ಆಚೆ ಬರ್ತಿರಲಿಲ್ಲ. ಭಾನುವಾರ ನಾನು ಟ್ರೈನ್ ಹತ್ತಿ ಹೋದೆ. ಸಮಾಧಾನ ಮಾಡೋಕೆ ಅಂತಲ್ಲ, ನಿಜ ಹೇಳ್ತೀನಿ. ಚಿಕ್ಕಪ್ಪ ಕರೆಸಿದ್ದು: "ಒಂದು ಲೆಕ್ಕ ನೋಡೋದಿದೆ, ಬಾ." ಮನೆತನದಲ್ಲಿ ಲೆಕ್ಕ ಓದಿದವನು ನಾನೊಬ್ಬನೇ.

ಹೋಗಿ ಕೂತ ಮೇಲೆ ನಾನು ಮೊದಲು ನೋಡಿದ್ದು ಎರಡೂ ವರ್ಷದ ಸ್ಕೋರ್ ಕಾರ್ಡು. ಪಕ್ಕಪಕ್ಕ ಇಟ್ಕೊಂಡೆ. 431ರ ಕಾರ್ಡಿನಲ್ಲಿ ಅಖಿಲ ಭಾರತ ರ್‍ಯಾಂಕು ಮೂರು ಲಕ್ಷ ದಾಟಿತ್ತು. 388ರ ಕಾರ್ಡಿನಲ್ಲಿ ಮೂರು ಲಕ್ಷದ ಒಳಗೆ. ಒಂದು ಸಲ ನಾನೇ ತಪ್ಪು ಓದಿದ್ನಾ ಅಂತ ಇನ್ನೊಂದು ಸಲ ನೋಡಿದೆ. ಇಲ್ಲ, ಸರಿಯಾಗೇ ಇತ್ತು. ಮಾರ್ಕ್ಸು ಕೆಳಗೆ ಹೋಗಿದೆ, ರ್‍ಯಾಂಕು ಮೇಲೆ ಬಂದಿದೆ. ಅಂದರೆ ಹುಡುಗಿ ಹಿಂದಿನ ವರ್ಷಕ್ಕಿಂತ ಚೆನ್ನಾಗಿ ಮಾಡಿದ್ದಾಳೆ, ಅದಕ್ಕೆ ಒಂದು ವಾರದಿಂದ ಬೈಸಿಕೊಳ್ತಿದ್ದಾಳೆ.

ಆಗಿದ್ದಿಷ್ಟು. 2024ರಲ್ಲಿ ಪೇಪರು ಸುಲಭ, ಮಾರ್ಕ್ಸು ಹೊಳೆ ಹರಿದ ಹಾಗೆ ಬಂತು. ಗ್ರೇಸ್ ಮಾರ್ಕ್ಸು, ಪೇಪರ್ ಲೀಕು, ಸುಪ್ರೀಂ ಕೋರ್ಟು, ಎಲ್ಲಾ ಗಲಾಟೆ ಆದ ಮೇಲೂ 720ಕ್ಕೆ 720 ತೆಗೆದವರು 17 ಜನ ಉಳಿದರು. 2025ರ ಪೇಪರು, ಅದರಲ್ಲೂ ಫಿಸಿಕ್ಸು, ಬರೆದವರನ್ನೇ ಕೇಳಿ. ಇಡೀ ದೇಶಕ್ಕೆ ಮೊದಲು ಬಂದವರದ್ದೇ 686. ಜನರಲ್ ಕೆಟಗರಿಯಲ್ಲಿ ಕ್ವಾಲಿಫೈ ಆಗೋಕೆ ಹಿಂದಿನ ವರ್ಷ 162 ಬೇಕಿತ್ತು, ಆ ವರ್ಷ 144 ಸಾಕಾಯ್ತು. ಎಲ್ಲರ ಮಾರ್ಕ್ಸೂ ಇಳಿದಿತ್ತು, ಪುಟ್ಟಿದು ಉಳಿದವರಿಗಿಂತ ಕಡಿಮೆ ಇಳಿದಿತ್ತು. ಸೀಟು ಕೊಡೋದು ರ್‍ಯಾಂಕ್ ನೋಡಿ, ಮಾರ್ಕ್ಸ್ ನೋಡಿ ಅಲ್ಲ.

ಚಿಕ್ಕಪ್ಪನಿಗೆ ಇದನ್ನ ಹೇಳಿದೆ. ಅವರಿಗೆ ಅರ್ಥ ಆಗೋ ಹಾಗೆ ಹೇಳಿದೆ: "ಚಿಕ್ಕಪ್ಪ, ಮಳೆ ಕಮ್ಮಿಯಾದ ವರ್ಷ ನಿಮ್ಮ ತೋಟದಲ್ಲಿ ಕಾಯಿ ಕಮ್ಮಿ ಬಿತ್ತು. ಆದರೆ ಊರಲ್ಲಿ ಬೇರೆಯವರಿಗೆ ಇನ್ನೂ ಕಮ್ಮಿ ಬಿತ್ತು. ಆಗ ನೀವು ಕೆಟ್ಟ ರೈತ ಆಗ್ತೀರಾ?" ಅವರು ಏನೂ ಮಾತಾಡಲಿಲ್ಲ. ಎದ್ದು ಹೋಗಿ ಬಚ್ಚಲಲ್ಲಿ ಕಾಲು ತೊಳ್ಕೊಂಡು ಬಂದ್ರು. ಬಾಗಿಲ ಹಿಂದೆ ಪುಟ್ಟಿ ನಿಂತಿದ್ಲು. ಅವಳಿಗೆ ಇದು ಮೊದಲೇ ಗೊತ್ತಿತ್ತಂತೆ. "ಹೇಳಿದ್ರೆ ನೆಪ ಹೇಳ್ತಾಳೆ ಅಂತಿದ್ರು ಅಣ್ಣ" ಅಂದ್ಲು.

ಈ ಎಪಿಸೋಡು ಮಾಡಬೇಕು ಅಂತ ನನಗೆ ಅನ್ನಿಸಿದ್ದು ಆವಾಗ.

ಸರಿ, ರ್‍ಯಾಂಕು ಸುಧಾರಿಸಿತು. ಆದರೆ ಸೀಟು? ಅಲ್ಲಿಗೆ ಬರೋಣ. 'ಕ್ವಾಲಿಫೈಡ್' ಅನ್ನೋ ಪದ ಎಷ್ಟು ಮನೆಗಳಲ್ಲಿ ಸಿಹಿ ಹಂಚಿಸಿದೆಯೋ ಗೊತ್ತಿಲ್ಲ. 50 ಪರ್ಸೆಂಟೈಲ್ ಅಂದರೆ 50 ಪರ್ಸೆಂಟ್ ಅಲ್ಲ. 720ಕ್ಕೆ 144 ಅಂದರೆ ನೂರಕ್ಕೆ 20. 2025ರಲ್ಲಿ ಪರೀಕ್ಷೆ ಬರೆದವರು 22 ಲಕ್ಷಕ್ಕೂ ಹೆಚ್ಚು, ಕ್ವಾಲಿಫೈ ಆದವರು 12 ಲಕ್ಷ 36 ಸಾವಿರ. ರಿಸಲ್ಟ್ ಬಂದಾಗ ದೇಶದಲ್ಲಿದ್ದ ಎಂಬಿಬಿಎಸ್ ಸೀಟು ಒಂದು ಲಕ್ಷ ಹದಿನೈದು ಸಾವಿರ ಚಿಲ್ಲರೆ. ಅಂದರೆ ಆಗ ಕ್ವಾಲಿಫೈ ಆದ ಹತ್ತು ಜನಕ್ಕೆ ಒಂದು ಸೀಟೂ ಪೂರ್ತಿ ಬರ್ತಿರಲಿಲ್ಲ. ಇದೆಲ್ಲಾ ನಿಮಗೆ ಗೊತ್ತಿರಬಹುದು. ಆದರೆ ಹಾಗಿದ್ದರೆ ಹನ್ನೆರಡು ಲಕ್ಷ ಜನರನ್ನ ಯಾಕೆ ಕ್ವಾಲಿಫೈ ಮಾಡ್ತಾರೆ? ಒಂದು ಲಕ್ಷದವನಿಗೆ ಬೇಡವಾದ ಸೀಟು ಐದು ಲಕ್ಷದವನವರೆಗೂ ಇಳಿದು ಬರಬೇಕಲ್ಲ, ಅದಕ್ಕೆ. ಬೇಡವಾದ ಸೀಟು ಅಂದರೆ ಯಾವುದು? ಫೀಸು ಕಟ್ಟೋಕಾಗದ ಸೀಟು.

ನಮ್ಮ ರಾಜ್ಯದ್ದೇ ತಗೊಳ್ಳಿ. ಇಡೀ ದೇಶದಲ್ಲಿ ಅತಿ ಹೆಚ್ಚು ಎಂಬಿಬಿಎಸ್ ಸೀಟು ಇರೋ ರಾಜ್ಯಗಳ ಸಾಲಲ್ಲಿ ಕರ್ನಾಟಕ ಮುಂದೆ ನಿಲ್ಲುತ್ತೆ, ಹನ್ನೆರಡು ಸಾವಿರಕ್ಕೂ ಹೆಚ್ಚು. ಖುಷಿ ಪಡೋಕೆ ಮೊದಲು ಅವು ಯಾವ ಸೀಟು ಅಂತ ನೋಡಬೇಕು. ಸರ್ಕಾರಿ ಕಾಲೇಜಿನ ಸೀಟು ವರ್ಷಕ್ಕೆ ಸುಮಾರು 65 ಸಾವಿರ. ಖಾಸಗಿ ಕಾಲೇಜಿನಲ್ಲಿ ನೂರಕ್ಕೆ 40 ಸೀಟು ಸರ್ಕಾರಿ ಕೋಟಾ, ಅದಕ್ಕೆ ಜಿ ಸೀಟು ಅಂತಾರೆ, ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು. ಇನ್ನೊಂದು 40 ಪಿ ಸೀಟು, ಅಂದರೆ ಪ್ರೈವೇಟು, 12 ಲಕ್ಷದ ಆಸುಪಾಸು. ಉಳಿದ 20 ಎನ್‌ಆರ್‌ಐ ಮತ್ತೆ ಇತರೆ, ಅದರ ಫೀಸು ನಾನು ಹೇಳೋದು ಬೇಡ. ಡೀಮ್ಡ್ ಯೂನಿವರ್ಸಿಟಿಗಳು ಬೇರೆ, ಅಲ್ಲಿ ವರ್ಷಕ್ಕೆ 20 ಲಕ್ಷ ದಾಟೋದು ಸಾಮಾನ್ಯ. ಒಂದೇ ಕಟ್ಟಡ, ಒಂದೇ ಮೇಷ್ಟ್ರು, ಒಂದೇ ಹೆಣ. ಅನಾಟಮಿ ಟೇಬಲ್ ಸುತ್ತ ನಿಂತಿರೋ ಒಬ್ಬ ಒಂದೂವರೆ ಲಕ್ಷ ಕಟ್ಟಿದಾನೆ, ಪಕ್ಕದವನು 12.

ಪುಟ್ಟಿ ಜೊತೆ ಕೋಚಿಂಗಲ್ಲಿದ್ದ ಒಬ್ಬ ಹುಡುಗನಿಗೆ ಬಂದದ್ದು ಅವಳಿಗಿಂತ ಕಡಿಮೆ ಮಾರ್ಕ್ಸು. ಅವನು ಇವತ್ತು ಫಸ್ಟ್ ಇಯರ್ ಎಂಬಿಬಿಎಸ್. ಅವನ ಮೇಲೆ ನನಗೆ ಸಿಟ್ಟಿಲ್ಲ, ಪಾಪ ಒಳ್ಳೆ ಹುಡುಗ, ನೋಟ್ಸ್ ಎಲ್ಲಾ ಪುಟ್ಟಿಗೆ ಕೊಟ್ಟು ಹೋದ. ಅವರಪ್ಪನಿಗೆ ಎರಡು ಪೆಟ್ರೋಲ್ ಬಂಕ್ ಇದೆ. ಅವನು ಕಾನೂನಿನ ಪ್ರಕಾರವೇ ಸೇರಿದ. ಕಡಿಮೆ ಮಾರ್ಕ್ಸು ಅನ್ನೋದು ಅವನಿಗೆ ಫೀಸು ಜಾಸ್ತಿ ಆಗೋ ವಿಷಯ ಅಷ್ಟೇ. ನಮ್ಮ ಮನೆಯಲ್ಲಿ ಅದು ತೋಟ ಹೋಗೋ ವಿಷಯ.

ಹೌದು, ತೋಟ. ಚಿಕ್ಕಪ್ಪ ನನ್ನ ಕರೆಸಿದ್ದು ಅದಕ್ಕೆ. ಬೆಂಗಳೂರಿನ ಒಬ್ಬ ಏಜೆಂಟು, ಹೆಸರು ಬೇಡ, ಅವರಿಗೆ ಫೋನ್ ಮಾಡಿದ್ದ. ರಿಸಲ್ಟ್ ಬಂದು ಎರಡೇ ದಿನಕ್ಕೆ. ಹುಡುಗಿಯ ಹೆಸರು, ಮಾರ್ಕ್ಸು, ಊರು, ಎಲ್ಲಾ ಅವನ ಹತ್ರ ಇತ್ತು. ಎಲ್ಲಿಂದ ಸಿಗುತ್ತೆ ಇವರಿಗೆ ಅಂತ ಕೇಳಬೇಡಿ, ನಿಮ್ಮಲ್ಲೂ ಎಷ್ಟು ಜನಕ್ಕೆ ಇಂಥ ಕಾಲ್ ಬಂದಿರುತ್ತೆ. "ಸಾರ್, ಪ್ರೈವೇಟ್ ಸೀಟು ಬ್ಲಾಕ್ ಮಾಡಿಸ್ತೀನಿ, ವರ್ಷಕ್ಕೆ 12. ಟೋಕನ್ ಅಂತ ಎರಡು ಲಕ್ಷ ಹಾಕಿ, ಕೌನ್ಸೆಲಿಂಗ್ ತಲೆನೋವು ನಮಗೆ ಬಿಡಿ." ಚಿಕ್ಕಪ್ಪ ಕೂತು ಗುಣಿಸಿದ್ದಾರೆ. ಹನ್ನೆರಡು ನಾಲ್ಕಲೆ ನಲವತ್ತೆಂಟು. ತೋಟ ಎರಡೂಕಾಲು ಎಕರೆ, ಊರಿನವರೇ ಒಬ್ಬರು ಒಟ್ಟು 48 ಲಕ್ಷ ಕೊಡ್ತೀನಿ ಅಂದಿದ್ದಾರೆ. ಸರಿಯಾಗಿ 48! ದೇವರೇ ಲೆಕ್ಕ ಕೂಡಿಸಿದ್ದಾನೆ ಅಂತ ಅವರ ಭಾವನೆ.

ನಾನು ಪುಟ್ಟಿ ನೋಟ್‌ಬುಕ್ಕಿನ ಹಿಂದಿನ ಪೇಜಲ್ಲೇ ಬರೆಯೋಕೆ ಶುರು ಮಾಡಿದೆ. ಎಂಬಿಬಿಎಸ್ ನಾಲ್ಕು ವರ್ಷ ಅಲ್ಲ. ನಾಲ್ಕೂವರೆ ವರ್ಷ ಓದು, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಹನ್ನೆರಡು ನಾಲ್ಕೂವರೆ ಅಂದರೆ 54. ಹಾಸ್ಟೆಲ್ಲು, ಊಟ ವರ್ಷಕ್ಕೆ ಒಂದೂವರೆ ಲಕ್ಷ ಅಂದುಕೊಂಡರೂ ಐದೂವರೆ ವರ್ಷಕ್ಕೆ ಎಂಟೂಕಾಲು. ಒಟ್ಟು 62 ಲಕ್ಷ ದಾಟಿತು. ಪುಸ್ತಕ, ಪರೀಕ್ಷೆ ಫೀಸು, ಊರಿಗೆ ಓಡಾಟ ಇನ್ನೂ ಸೇರಿಸಿಲ್ಲ. ಕೆಲವು ಕಡೆ ನಾಲ್ಕೂವರೆ ವರ್ಷಕ್ಕೆ ಐದು ವರ್ಷದ ಫೀಸು ಕೇಳ್ತಾರೆ, ಸೇರೋ ಮೊದಲು ಬರಹದಲ್ಲಿ ಕೇಳಿ ತಗೊಳ್ಳಿ, ಇದನ್ನ ಮರೀಬೇಡಿ. ಅಂದರೆ ತೋಟ ಮಾರಿದ ಮೇಲೂ 14 ಲಕ್ಷ ಸಾಲ.

"ಸಾಲ ಮಾಡಿದ್ರಾಯ್ತು, ಡಾಕ್ಟರ್ ಆದ್ಮೇಲೆ ತೀರಿಸ್ತಾಳೆ" ಅಂದ್ರು ಚಿಕ್ಕಪ್ಪ.

ತೋಟ ಮಾರದೆ ಪೂರ್ತಿ ಸಾಲದಲ್ಲೇ ಓದಿಸಿದರೆ? ಅದನ್ನೂ ಹಾಕಿ ನೋಡಿದೆ. 50 ಲಕ್ಷ ಸಾಲ, 10 ಪರ್ಸೆಂಟ್ ಬಡ್ಡಿ, 10 ವರ್ಷ. ತಿಂಗಳ ಕಂತು 66 ಸಾವಿರ. ಓದುವಾಗ ಬೆಳೆಯೋ ಬಡ್ಡಿ ಇದರಲ್ಲಿಲ್ಲ. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕಿನವರು ಸಾಮಾನ್ಯವಾಗಿ ಅಡಮಾನ ಕೇಳ್ತಾರೆ, ಅಡಮಾನಕ್ಕೆ ಇರೋದು ಅದೇ ತೋಟ. ನನಗೆ ಪರಿಚಯದ ಇಬ್ಬರು ಹೊಸ ಡಾಕ್ಟರುಗಳಿಗೆ ಫೋನ್ ಮಾಡಿ ನಾಚಿಕೆ ಬಿಟ್ಟು ಸಂಬಳ ಕೇಳಿದೆ. ಬರೀ ಎಂಬಿಬಿಎಸ್‌ಗೆ 60 ಸಾವಿರದ ಆಜುಬಾಜು ಅಂದರು. ಅದರಲ್ಲಿ ಒಬ್ಬರು ನಕ್ಕು, "ಪಿಜಿ ಮಾಡದೆ ಯಾರು ನೋಡ್ತಾರೆ ಬ್ರೋ, ಅದಕ್ಕೆ ಇನ್ನೊಂದು ತೋಟ ಇದೆಯಾ?" ಅಂದ.

ಇನ್ನೊಂದು ವಿಷಯ, ನನ್ನ ಒಳಗಿನ ಬಿಕಾಂ ಸುಮ್ಮನಿರಲ್ಲ. ಅದು ಕೊಬ್ಬರಿಗೆ ಹಿಂದೆಂದೂ ಕಾಣದ ರೇಟು ಬಂದಿದ್ದ ವರ್ಷ. ಇಷ್ಟು ವರ್ಷ ಬೆಂಬಲ ಬೆಲೆ ಕೊಡಿ ಅಂತ ರಸ್ತೆಗೆ ಇಳೀತಿದ್ದ ನಮ್ಮ ಕಡೆಯ ಜನ ಮೊದಲ ಸಲ ತೋಟದ ಕಡೆ ನೋಡಿ ನಗ್ತಿದ್ರು. ಆ ವರ್ಷವೇ ಮಾರೋದಾ? ಇದಕ್ಕೆ ಮಾತ್ರ ಚಿಕ್ಕಪ್ಪ ತಕ್ಷಣ ತಲೆ ಆಡಿಸಿದರು.

ಏಜೆಂಟಿನ ವಿಷಯಕ್ಕೆ ಬರ್ತೀನಿ. ನಾನೇ ಅವನಿಗೆ ಫೋನ್ ಮಾಡಿದೆ. ಒಂದೇ ಪ್ರಶ್ನೆ ಕೇಳಿದೆ: ಸರ್, ಪಿ ಸೀಟು ಹಂಚೋದು ಕೆಇಎ ತಾನೇ, ರ್‍ಯಾಂಕ್ ಪ್ರಕಾರ ತಾನೇ, ನೀವು ಬ್ಲಾಕ್ ಮಾಡೋದು ಹೇಗೆ? ಆತ "ಅದೆಲ್ಲಾ ಫೋನಲ್ಲಿ ಮಾತಾಡೋದಲ್ಲ" ಅಂದ. ಟೋಕನ್ನಿಗೆ ರಸೀದಿ ಯಾರ ಹೆಸರಲ್ಲಿ ಕೊಡ್ತೀರಿ ಅಂದೆ. ಕಟ್ ಮಾಡಿದ. ನಿಮಗೂ ಹೇಳ್ತೀನಿ, ನೆನಪಿಟ್ಟುಕೊಳ್ಳಿ. ರಾಜ್ಯದ ಸರ್ಕಾರಿ, ಖಾಸಗಿ ಕಾಲೇಜುಗಳ ಸೀಟು ಕೆಇಎ ಮೂಲಕ. ಅಖಿಲ ಭಾರತ ಕೋಟಾದ 15 ಪರ್ಸೆಂಟು ಮತ್ತು ಡೀಮ್ಡ್ ಯೂನಿವರ್ಸಿಟಿ ಸೀಟು ಎಂಸಿಸಿ ಮೂಲಕ. ಪಿ ಸೀಟು ಕೂಡ ಕೌನ್ಸೆಲಿಂಗಲ್ಲೇ. ಪುಟ್ಟಿ ರ್‍ಯಾಂಕಿಗೆ ಪಿ ಸೀಟು ಕೊನೆಯ ಸುತ್ತುಗಳಲ್ಲಿ ಸಿಕ್ಕಿದ್ರೂ ಸಿಗಬಹುದಿತ್ತು. ಆ ಮನುಷ್ಯ ಮಾಡ್ತಿದ್ದದ್ದು ತಾನಾಗೇ ಸಿಗಬಹುದಾದ ಸೀಟಿಗೆ ಎರಡು ಲಕ್ಷ ತಗೊಳ್ಳೋದು. ಸಿಕ್ಕರೆ 'ನಾನು ಕೊಡಿಸಿದೆ', ಸಿಗದಿದ್ದರೆ ಫೋನ್ ಸ್ವಿಚ್ ಆಫ್. ಕ್ಯಾಪಿಟೇಶನ್ ಫೀಸು ತಗೊಳ್ಳೋದು ನಮ್ಮ ರಾಜ್ಯದಲ್ಲಿ 1984ರಿಂದ ಕಾನೂನುಬಾಹಿರ. ಕಾನೂನು ಬಂದು ನಲವತ್ತು ವರ್ಷ ಆಯ್ತು, ಫೋನ್ ಮಾತ್ರ ಈಗಲೂ ಬರ್ತಾನೇ ಇದೆ.

ಅದೇ ಏಜೆಂಟಿನ ಎರಡನೇ ಬಾಣ ಏನು ಗೊತ್ತಾ? ಆಮೇಲೆ ಚಿಕ್ಕಪ್ಪನಿಗೆ ವಾಟ್ಸ್ಯಾಪಲ್ಲಿ ಒಂದು ವಿಡಿಯೋ ಕಳಿಸಿದ. ಮಂಜು ಬಿದ್ದಿರೋ ಕ್ಯಾಂಪಸ್ಸು, ಬಿಳಿ ಕೋಟು ಹಾಕಿರೋ ನಮ್ಮ ಹುಡುಗರು. "ಫಾರಿನ್ ಎಂಬಿಬಿಎಸ್, ಒಟ್ಟು 28 ಲಕ್ಷ, ಇಂಡಿಯನ್ ಊಟ." 62ರ ಮುಂದೆ 28 ಸಣ್ಣದಾಗಿ ಕಾಣುತ್ತೆ. ಚಿಕ್ಕಪ್ಪನ ಕಣ್ಣು ಅರಳಿತು.

ಹೊರದೇಶಕ್ಕೆ ಹೋಗಿ ಓದೋದು ತಪ್ಪು ಅಂತ ನಾನು ಹೇಳಲ್ಲ. ಅಲ್ಲಿ ಓದಿ ಬಂದು ಚೆನ್ನಾಗಿ ಪ್ರಾಕ್ಟೀಸ್ ಮಾಡ್ತಿರೋರು ನಮ್ಮ ತಾಲೂಕಲ್ಲೇ ಇದ್ದಾರೆ. ಆದರೆ ವಿಡಿಯೋದಲ್ಲಿ ಇಲ್ಲದ್ದನ್ನ ಹೇಳ್ತೀನಿ. ವಾಪಸ್ ಬಂದ ಮೇಲೆ ಎಫ್‌ಎಂಜಿಇ ಅಂತ ಪರೀಕ್ಷೆ ಇದೆ. 300 ಪ್ರಶ್ನೆ, 150 ಸರಿ ಬರಬೇಕು, ವರ್ಷಕ್ಕೆ ಎರಡು ಸಲ. ಇತ್ತೀಚೆಗೆ ಪಾಸಾಗ್ತಿರೋದು ಹತ್ತರಲ್ಲಿ ಎರಡು ಮೂರು ಜನ. 2021ರ ನವೆಂಬರ್‌ನಲ್ಲಿ ಬಂದ ನಿಯಮದ ಪ್ರಕಾರ ಕೋರ್ಸು ಕನಿಷ್ಠ 54 ತಿಂಗಳು ಇರಬೇಕು, ಇಂಗ್ಲಿಷಲ್ಲಿ ಪಾಠ ಆಗಿರಬೇಕು, ಅಲ್ಲೇ ಒಂದು ವರ್ಷ ಇಂಟರ್ನ್‌ಶಿಪ್ ಆಗಿರಬೇಕು, ಆ ದೇಶದಲ್ಲೇ ಡಾಕ್ಟರಾಗಿ ನೋಂದಣಿ ಆಗೋಕೆ ಅರ್ಹತೆ ಇರಬೇಕು. ಒಂದು ತಪ್ಪಿದರೂ ಇಲ್ಲಿ ಆ ಡಿಗ್ರಿ ಗೋಡೆಗೆ ನೇತು ಹಾಕೋಕೆ ಮಾತ್ರ. ಪರೀಕ್ಷೆ ಪಾಸಾದ ಮೇಲೂ ಇಲ್ಲಿ ಮತ್ತೆ ಇಂಟರ್ನ್‌ಶಿಪ್. ಆರು ವರ್ಷ ಅಂತ ಹೊರಟವರು ಎಂಟು ವರ್ಷ ಆದರೂ ಮನೆಯಲ್ಲಿ ಕೂತು ಓದ್ತಿರೋದು ನೋಡಿದೀನಿ.

ಇದನ್ನ ಮಾತಾಡುವಾಗ ಒಂದು ಹೆಸರು ನೆನಪಾಗದೆ ಇರಲ್ಲ. ನವೀನ್ ಶೇಖರಪ್ಪ ಗ್ಯಾನಗೌಡರ್. ರಾಣೆಬೆನ್ನೂರು ತಾಲೂಕಿನ ಚಳಗೇರಿ ಹುಡುಗ. ಪಿಯುಸಿಯಲ್ಲಿ 97 ಪರ್ಸೆಂಟ್ ತೆಗೆದ ಮಗನಿಗೆ ಇಲ್ಲಿ ಸೀಟು ಸಿಗಲಿಲ್ಲ ಅಂತ ಅವರ ತಂದೆ ಟಿವಿಯವರ ಮುಂದೆ ಹೇಳಿದ್ದು ನಿಮಗೂ ನೆನಪಿರಬಹುದು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಊಟದ ಸಾಮಾನು ತರೋಕೆ ಹೋದಾಗ ದಾಳಿಯಲ್ಲಿ ಸತ್ತ. ಮೂರು ವಾರ ಆದ ಮೇಲೆ ದೇಹ ಊರಿಗೆ ಬಂತು. ಮನೆಯವರು ಅದನ್ನ ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಕೊಟ್ಟರು. ಓದೋ ಮಕ್ಕಳಿಗೆ ಉಪಯೋಗ ಆಗಲಿ ಅಂತ.

ಇಲ್ಲಿ ಒಂದು ನಿಮಿಷ ನಿಲ್ಲಿಸ್ತೀನಿ.

ಹೋದ ತಿಂಗಳು ನಮಗೊಂದು ಮೇಲ್ ಬಂತು. ಅಮೆರಿಕದ ನ್ಯೂಜೆರ್ಸಿಯಿಂದ, ಕನ್ನಡದವರ ಮನೆ ಹುಡುಗಿ. ಅಲ್ಲಿ ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ಮೆಡಿಕಲ್ ಸ್ಕೂಲಿಗೆ ಅರ್ಜಿ. ಡಿಗ್ರಿಯ ಜಿಪಿಎ ನೋಡ್ತಾರೆ, ಎಂಕ್ಯಾಟ್ ಅಂತ ಪರೀಕ್ಷೆ ಇದೆ. ಸೀಟು ಸಿಗೋರ ಸರಾಸರಿ ಜಿಪಿಎ ನಾಲ್ಕಕ್ಕೆ 3.8ರ ಹತ್ತಿರ, ಇವಳದ್ದು 3.3. ಎರಡನೇ ವರ್ಷ ಅಮ್ಮ ಕಾಯಿಲೆ ಬಿದ್ದಾಗ ಮಾರ್ಕ್ಸು ಬಿದ್ದು ಹೋಯ್ತಂತೆ. ಅವಳಿಗೂ ದಾರಿ ಸುಲಭ ಇಲ್ಲ, ಫೀಸಂತೂ ನಮ್ಮ ತೋಟ ಒಂದು ಮಾರಿದರೆ ಸಾಲದು. ಆದರೆ ಅವಳು ಅರ್ಜಿಯಲ್ಲಿ ಆ ವರ್ಷ ಏನಾಯ್ತು ಅಂತ ಬರೀಬಹುದು. ಡಿಗ್ರಿ ಆದ ಮೇಲೆ ಇನ್ನೊಂದೆರಡು ವರ್ಷ ಸೈನ್ಸ್ ಕೋರ್ಸುಗಳನ್ನ ಮಾಡಿ, ನೋಡಿ ಈಗ ನಾನು ಹೇಗೆ ಓದ್ತೀನಿ ಅಂತ ತೋರಿಸಬಹುದು. ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದು ಲೆಕ್ಕಕ್ಕೆ ಬರುತ್ತೆ. ಕೊನೆಗೆ ಯಾರೋ ಎದುರು ಕೂತು ಮಾತಾಡಿಸ್ತಾರೆ.

ಪುಟ್ಟಿಗೆ ಇದ್ಯಾವುದೂ ಇಲ್ಲ. ಮೂರು ಗಂಟೆ, 180 ಪ್ರಶ್ನೆ, ಸರಿ ಇದ್ದರೆ ನಾಲ್ಕು, ತಪ್ಪಾದರೆ ಮೈನಸ್ ಒಂದು. ಕನ್ನಡ ಶಾಲೆಯಿಂದ ಬಂದು ಆರು ತಿಂಗಳು ಕತ್ತಲೆಯಲ್ಲಿ ಕೂತಿದ್ದೆ ಅಂತ ಬರೆಯೋಕೆ ಒಂದು ಸಾಲು ಜಾಗ ಇಲ್ಲ. ಯಾರೂ ನೋಡದೆ ಅಂಕಿ ಮಾತ್ರ ನೋಡಿದರೆ ವಶೀಲಿ ನಡೆಯಲ್ಲ ಅನ್ನೋದೂ ನಿಜ, ಒಪ್ಪಿದೆ. ಆದರೆ ಅಂಕಿ ನೋಡಿದ ಮೇಲೆ ಜೇಬು ನೋಡ್ತಾರಲ್ಲ, ಅಲ್ಲಿ ನನಗೆ ಹೊಟ್ಟೆ ಉರಿಯುತ್ತೆ.

ಕತ್ತಲೆಯಲ್ಲಿ ಕೂತಿದ್ದಕ್ಕೆ ಒಂದು ಸಣ್ಣ ಲೆಕ್ಕ ಮಾತ್ರ ನಮ್ಮ ರಾಜ್ಯದಲ್ಲಿದೆ. ಒಂದರಿಂದ ಹತ್ತನೇ ತರಗತಿ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ 15 ಪರ್ಸೆಂಟು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5 ಪರ್ಸೆಂಟು ಮೀಸಲು ಇದೆ. ಪುಟ್ಟಿ ಎರಡಕ್ಕೂ ಅರ್ಹಳು. ಮೊದಲ ವರ್ಷ ನಮ್ಮ ಮನೆಯವರು ಎರಡನ್ನೂ ಹಾಕಿರಲಿಲ್ಲ! ಬಿಇಒ ಸಹಿ ಇರೋ ವ್ಯಾಸಂಗ ಪ್ರಮಾಣಪತ್ರ ಬೇಕು ಅಂತ ಗೊತ್ತಾಗಿದ್ದು ಅರ್ಜಿ ಮುಗಿದ ಮೇಲೆ. ತಪ್ಪು ಯಾರದ್ದೂ ಅಲ್ಲ, ನಮ್ಮದೇ. ನಾನೂ ಬೆಂಗಳೂರಲ್ಲಿ ಕೂತು ಕೇಳಿರಲಿಲ್ಲ. ದಯವಿಟ್ಟು ಈಗಲೇ ಮಾಡಿಸಿಟ್ಟುಕೊಳ್ಳಿ, ಜಾತಿ ಆದಾಯ ಪತ್ರದ ಜೊತೆ. ಕಲ್ಯಾಣ ಕರ್ನಾಟಕದವರು 371ಜೆ ಪ್ರಮಾಣಪತ್ರ. ರಿಸಲ್ಟ್ ಬಂದ ವಾರ ನಾಡಕಚೇರಿ ಮುಂದೆ ಕ್ಯೂ ನಿಲ್ಲೋ ಕಷ್ಟ ಬೇಡ.

ಸರಿ, ಪುಟ್ಟಿ ಕತೆ ಏನಾಯ್ತು?

ಕೆಇಎ ಆಪ್ಷನ್ ಎಂಟ್ರಿಗೆ ನಾವಿಬ್ಬರೂ ವಿಡಿಯೋ ಕಾಲಲ್ಲಿ ಕೂತೆವು. ಸರ್ಕಾರಿ ಕಾಲೇಜು, ಜಿ ಸೀಟು, ಎಲ್ಲಾ ಜಿಲ್ಲೆ ಹಾಕಿದ್ವಿ. ಪಿ ಸೀಟು ಒಂದೂ ಹಾಕಲಿಲ್ಲ. ಇದು ಅವಳದೇ ತೀರ್ಮಾನ. ಯಾಕೆ ಅಂದರೆ, ಹಾಕಿದರೆ ಸಿಗುತ್ತೆ. ಸಿಕ್ಕರೆ ಅಪ್ಪ ಮಾರ್ತಾರೆ. ಕೊನೆಯ ಸುತ್ತುಗಳಲ್ಲಿ ಸೀಟು ಸಿಕ್ಕಿ ಸೇರದಿದ್ದರೆ ಕಟ್ಟಿದ ಠೇವಣಿಯೂ ಹೋಗುತ್ತೆ, ಅದು ಬೇರೆ. ಸೇರೋಕಾಗದ ಸೀಟನ್ನ 'ಸುಮ್ಮನೆ ಇರಲಿ' ಅಂತ ಪಟ್ಟಿಯಲ್ಲಿ ಹಾಕಬೇಡಿ.

ಎಲ್ಲಾ ಸುತ್ತು ಮುಗೀತು. ಜಿ ಸೀಟು ಬರಲಿಲ್ಲ. ಎರಡೂ ಮೀಸಲು ಸೇರಿಸಿದರೂ ದೂರವೇ ಉಳಿದಿತ್ತು.

ಆಮೇಲೆ ಮನೆಯಲ್ಲಿ ಮಾತಾಯ್ತು. ನಾನು ಹೇಳಿದ್ದು ಬಿಎಸ್ಸಿ ನರ್ಸಿಂಗ್ ನೋಡು ಅಂತ. ಅವಳು ಸಿಇಟಿಯನ್ನೂ ಬರೆದಿದ್ಲು. ನಾಲ್ಕು ವರ್ಷ, ಫೀಸು ಕೈಗೆ ಎಟುಕುತ್ತೆ, ಕೆಲಸ ಇಲ್ಲೂ ಇದೆ, ಹೊರಗೂ ಇದೆ. ಎರಡು ವರ್ಷ ಆಗಲೇ ಹೋಗಿದೆ, ಹೋದ ದುಡ್ಡನ್ನ ಹಿಡಿಯೋಕೆ ಹೋಗಿ ಇನ್ನಷ್ಟು ಕಳ್ಕೋಬಾರದು ಅಂತ ನಮಗೆ ಕಾಸ್ಟಿಂಗ್ ಪಾಠದಲ್ಲಿ ಹೇಳಿಕೊಟ್ಟಿದ್ದನ್ನ ಒಪ್ಪಿಸಿದೆ. ಚಿಕ್ಕಮ್ಮ ನನ್ನ ಕಡೆ. ಚಿಕ್ಕಪ್ಪ ಯಾರ ಕಡೆಯೂ ಇಲ್ಲ, ಸುಮ್ಮನೆ ಅಡಿಕೆ ಕತ್ತರಿಸ್ತಿದ್ರು.

ಪುಟ್ಟಿ ಅಂದ್ಲು, "ಅಣ್ಣ, ನೀನೇ ಹೇಳಿದ್ದಲ್ವಾ ನಾನು ಮೇಲೆ ಬಂದಿದೀನಿ ಅಂತ."

ನನ್ನ ಹತ್ರ ಉತ್ತರ ಇರಲಿಲ್ಲ.

ಇನ್ನೊಂದು ಸಲ ಬರೀತೀನಿ ಅಂದ್ಲು. ಕೋಚಿಂಗ್ ಬೇಡ, ಹಾಸ್ಟೆಲ್ ಬೇಡ, ಮನೆಯಲ್ಲೇ. ಒಂದೇ ಒಂದು ಸಲ, ಆಮೇಲೆ ನೀವು ಹೇಳಿದ್ದು. ನೀಟ್‌ಗೆ ಇಷ್ಟೇ ಸಲ ಬರೀಬೇಕು ಅಂತ ಮಿತಿ ಇಲ್ಲ, ಮೇಲಿನ ವಯಸ್ಸಿನ ಮಿತಿಯನ್ನ 2022ರಲ್ಲೇ ತೆಗೆದಿದ್ದಾರೆ. ಅದಕ್ಕೇ ಎಷ್ಟೋ ಮನೆಗಳಲ್ಲಿ ನಾಲ್ಕನೇ ಸಲ, ಐದನೇ ಸಲ ನಡೀತಾನೇ ಇರುತ್ತೆ. ಮಿತಿ ಇಲ್ಲ ಅನ್ನೋದು ಕೆಲವು ಸಲ ಉಪಕಾರ ಅಲ್ಲ. ಹಾಗಾಗಿ ಅವಳೇ ಮಿತಿ ಹಾಕಿಕೊಂಡಿದ್ದು ನನಗೆ ಹಿಡಿಸಿತು. ತೀರ್ಮಾನ ಸರಿಯೋ ತಪ್ಪೋ, ನನಗೆ ಈಗಲೂ ಒಪ್ಪಿಗೆ ಇಲ್ಲ, ಅವಳಿಗೂ ಇದು ಗೊತ್ತು.

ಚಿಕ್ಕಪ್ಪ ಅಡಿಕೆ ಬಾಯಿಗೆ ಹಾಕ್ಕೊಂಡು, "ತೋಟದ ಮನೆ ರೂಮು ಖಾಲಿ ಮಾಡಿಸ್ತೀನಿ. ಅಲ್ಲಿ ಯಾರೂ ಬಂದು ಎಷ್ಟು ಬಂತು ಅಂತ ಕೇಳಲ್ಲ" ಅಂದ್ರು. ಅವರ ಬಾಯಲ್ಲಿ ಕ್ಷಮೆ ಅಂದರೆ ಅಷ್ಟೇ.

ಈಗ ಪ್ರತಿ ಶನಿವಾರ ಸಂಜೆ ಏಳಕ್ಕೆ ಅವಳ ಫೋನು. ವಾರಕ್ಕೊಂದು ಹಳೇ ಪೇಪರು, ಮೂರು ಗಂಟೆ ಅಲಾರಂ ಇಟ್ಟು ಬರೀತಾಳೆ. ತಪ್ಪಾದದ್ದನ್ನೆಲ್ಲಾ ನನಗೆ ಓದಿ ಹೇಳ್ತಾಳೆ, ನಾನು ಶೀಟಲ್ಲಿ ಹಾಕ್ತೀನಿ. ನನಗೆ ಪ್ರಶ್ನೆ ಅರ್ಥ ಆಗಲ್ಲ. ರೊಟೇಷನಲ್ ಮೋಷನ್ ಅಂದರೆ ಏನು ಅಂತ ಇವತ್ತಿಗೂ ಗೊತ್ತಿಲ್ಲ. ನಾನು ಕೇಳೋದು ಎರಡೇ: ಇದು ಗೊತ್ತಿಲ್ಲದೆ ತಪ್ಪಾಯ್ತಾ, ಗೊತ್ತಿದ್ದೂ ಅವಸರದಲ್ಲಿ ತಪ್ಪಾಯ್ತಾ? ಎರಡು ಕಾಲಂ. ಗೊತ್ತಿದ್ದೂ ತಪ್ಪಾದ ಒಂದೊಂದಕ್ಕೂ ಐದು ಮಾರ್ಕ್ಸು ನಷ್ಟ, ಬರಬೇಕಿದ್ದ ನಾಲ್ಕು, ಜೊತೆಗೆ ಮೈನಸ್ ಒಂದು. ಮೊದಲ ವಾರ ಆ ಕಾಲಂನಲ್ಲಿ 31 ಇತ್ತು. 155 ಮಾರ್ಕ್ಸು! ಇಬ್ಬರೂ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಒಂದು ವರ್ಷ ಕೋಚಿಂಗಲ್ಲಿ ಯಾರೂ ಅವಳ ಜೊತೆ ಕೂತು ಇದನ್ನ ಎಣಿಸಿರಲಿಲ್ಲ. ಇನ್ನೂರು ಜನ ಇರೋ ಬ್ಯಾಚಲ್ಲಿ ಯಾರು ಎಣಿಸ್ತಾರೆ.

ಹೋದ ಶನಿವಾರ ಅದು 19. ಗೊತ್ತಿಲ್ಲದೆ ತಪ್ಪಾದದ್ದರಲ್ಲಿ ಫಿಸಿಕ್ಸೇ ಜಾಸ್ತಿ, ಅದು ಹೆಚ್ಚೇನೂ ಕದಲಿಲ್ಲ. ನಿಮ್ಮಲ್ಲಿ ಯಾರಾದರೂ ಕನ್ನಡ ಮೀಡಿಯಂನಿಂದ ಬಂದು ಫಿಸಿಕ್ಸ್ ಜೊತೆ ಗುದ್ದಾಡಿ ಗೆದ್ದಿದ್ದರೆ ಹೇಗೆ ಓದಿದ್ರಿ ಅಂತ ಒಂದು ವಾಯ್ಸ್ ನೋಟ್ ಕಳಿಸಿ, ಅವಳಿಗೆ ಕೇಳಿಸ್ತೀನಿ. ಏಜೆಂಟರು ಕೊಟ್ಟ ಫೀಸಿನ ಚೀಟಿ ನಿಮ್ಮ ಮನೇಲೂ ಇದ್ದರೆ ಫೋಟೋ ಕಳಿಸಿ, ಹೆಸರು ಮುಚ್ಚಿ. ಒಟ್ಟಿಗೆ ಕೂತು ಕೂಡಿಸಿ ನೋಡೋಣ.

ಈಗ ಆರೂಮುಕ್ಕಾಲು. ಇನ್ನು ಕಾಲು ಗಂಟೆಗೆ ಅವಳ ಫೋನ್ ಬರುತ್ತೆ, ರೆಕಾರ್ಡಿಂಗ್ ನಿಲ್ಲಿಸ್ತೀನಿ. ಬರ್ತೀನಿ.